ಗ್ರಾಮಫೋನ್ ಪೆಟ್ಟಿಗೆಗೆ ಸ್ಯಾಂಡ್ ಪೇಪರ್ ಬೇಡ, ಸ್ಪಿರಿಟ್ ಸಾಕು

ಹಳೇ ಗ್ರಾಮಫೋನ್ ಕೈಗೆ ಸಿಕ್ಕಿದ ಕೂಡಲೇ ಸ್ಯಾಂಡ್ ಪೇಪರ್ ಹಿಡಿದು ಕೂರುವವರೇ ಜಾಸ್ತಿ. ದಯವಿಟ್ಟು ಬೇಡ. ನನ್ನ ಹತ್ತಿರ ಇರುವುದು ಎಚ್‌ಎಂವಿಯ (ನಾಯಿ ಗುರುತಿನ ‘ಹಿಸ್ ಮಾಸ್ಟರ್ಸ್ ವಾಯ್ಸ್’) ಮೇಜಿನ ಮೇಲಿಡುವ ಮಾದರಿ. ಕೊಂಬು ಹೊರಗೆ ಕಾಣುವುದಿಲ್ಲ, ತೇಗದ ಪೆಟ್ಟಿಗೆಯ ಒಳಗೇ ಅಡಗಿದೆ. ಚಿಕ್ಕಪ್ಪನ ಮನೆಯ ಅಟ್ಟದಿಂದ ಇಳಿಸಿದಾಗ ಮೈಯೆಲ್ಲಾ ಜಿಡ್ಡು, ಮುಚ್ಚಳದ ಪಾಲಿಶ್ ಬತ್ತಿದ ಕೆರೆಯಂತೆ ಬಿರಿದಿತ್ತು. ಪರಿಚಯದ ಆಚಾರ್ರು ಬಂದು ನೋಡಿ, “ಇದನ್ನೆಲ್ಲಾ ಕೆರೆದು ಪಿಯು ಹೊಡೆದುಬಿಡೋಣ ಸಾರ್, ಫಳಫಳ ಅನ್ನುತ್ತೆ” ಎಂದರು. ಪಿಯು ಅಂದರೆ ಪಾಲಿಯುರೆಥೇನ್, ಈಗಿನ ಪ್ಲಾಸ್ಟಿಕ್ಕಿನಂಥ ಪಾಲಿಶ್. ಬೇಡ ಆಚಾರ್ರೇ, ನಾನೇ ನೋಡ್ತೀನಿ ಅಂದೆ.

ಕಾರಣ ಎರಡು. ಮುಚ್ಚಳದ ಒಳಗಡೆ ನಾಯಿ ಕೊಂಬಿನ ಮುಂದೆ ಕೂತ ಚಿತ್ರ ಇರುತ್ತಲ್ಲ, ಅದು ತೀರಾ ತೆಳುವಾದ ಪದರ. ಒಂದು ಸಲ ಉಜ್ಜಿದರೆ ನಾಯಿಯೂ ಇಲ್ಲ, ಕೊಂಬೂ ಇಲ್ಲ. (ಫ್ರಾನ್ಸಿಸ್ ಬರೋ ಮೊದಲು ಬರೆದ ಚಿತ್ರದಲ್ಲಿ ನಾಯಿ ಕೂತಿದ್ದು ಸಿಲಿಂಡರ್ ಫೋನೋಗ್ರಾಫ್ ಮುಂದೆ, ಅಂದರೆ ತಟ್ಟೆಯ ಬದಲು ಉರುಳೆ ಹಾಡಿಸುವ ಬೇರೆ ಯಂತ್ರದ ಮುಂದೆ. 1899ರಲ್ಲಿ ಗ್ರಾಮಫೋನ್ ಕಂಪನಿ ಆ ಚಿತ್ರ ಕೊಳ್ಳುವಾಗ ಅದರ ಮೇಲೇ ತಮ್ಮ ಯಂತ್ರ ಬರೆಸಿಕೊಂಡಿತು!) ಎರಡನೇ ಕಾರಣ, ಆ ಹಳೇ ಪಾಲಿಶ್ ಸತ್ತಿರಲಿಲ್ಲ. ಅದು ಅರಗು (ಶೆಲ್ಯಾಕ್). ಎಷ್ಟು ವರ್ಷ ಆದರೂ ಸ್ಪಿರಿಟ್ ತಾಗಿದರೆ ಅರಗು ಮತ್ತೆ ಕರಗುತ್ತದೆ, ಹರಡುತ್ತದೆ, ಗಟ್ಟಿಯಾಗುತ್ತದೆ. ಪಿಯುಗೆ ಈ ಗುಣ ಇಲ್ಲ. ಅದು ಬಿರಿದರೆ ಕೆರೆದೇ ತೆಗೆಯಬೇಕು.

ಮೊದಲು ಬಿಚ್ಚುವ ಕೆಲಸ. ಬ್ರೇಕ್ ಬಿಟ್ಟು, ರೆಕಾರ್ಡ್ ಇಡುವ ತಟ್ಟೆ ತಿರುಗಿ ತಿರುಗಿ ತಾನೇ ನಿಲ್ಲುವ ತನಕ ಕಾಯಬೇಕು. ಸ್ಪ್ರಿಂಗ್ ಪೂರ್ತಿ ಸಡಿಲವಾಗದೆ ಮೋಟರಿಗೆ ಕೈ ಹಾಕಬಾರದು, ಬೆರಳು ಹೋದೀತು. ಕೀಲಿ ಕೊಡುವ ಹ್ಯಾಂಡಲ್ ಉಲ್ಟಾ ತಿರುಗಿಸಿದರೆ ಬಿಚ್ಚಿಕೊಂಡು ಬರುತ್ತದೆ. ಸ್ಪ್ರಿಂಗ್ ಡಬ್ಬಿಯನ್ನು ನಾನು ತೆರೆಯಲಿಲ್ಲ. ಮೋಟರನ್ನು ಹಾಗೇ ಗಡಿಯಾರ ರಿಪೇರಿಯವರೊಬ್ಬರಿಗೆ ಕೊಟ್ಟೆ. ಮರದ ಕೆಲಸ ಮಾತ್ರ ನನ್ನದು.

ಪೆಟ್ಟಿಗೆ ಬೋರಲು ಹಾಕಿದರೆ ತಳದ ಪಟ್ಟಿಗಳಲ್ಲಿ ಕುಟ್ಟೆ. ತೇಗದ ಚೇಗಿಗೆ, ಅಂದರೆ ಒಳಗಿನ ಗಟ್ಟಿ ತಿರುಳಿಗೆ, ಹುಳ ಸುಲಭಕ್ಕೆ ಬಾಯಿ ಹಾಕುವುದಿಲ್ಲ, ಆದರೆ ತಳಕ್ಕೆ ಹಾಕಿದ್ದು ಬೇರೆ ಅಗ್ಗದ ಮರ. ಕೆಳಗೆ ಪೇಪರ್ ಹಾಸಿ ಕೆಲವು ದಿನ ಬಿಟ್ಟೆ. ಹೊಸ ಪುಡಿ ಉದುರಿದರೆ ಒಳಗೆ ಹುಳ ಇನ್ನೂ ಬದುಕಿದೆ ಅಂತ ಲೆಕ್ಕ. ಉದುರಿತು. ಪೇಂಟ್ ಅಂಗಡಿಯಲ್ಲಿ ಸಿಗುವ ಹುಳದ ಔಷಧಿಯನ್ನು ಸಿರಿಂಜಿನಲ್ಲಿ ತೂತು ತೂತಿಗೂ ಬಿಟ್ಟು, ಪ್ಲಾಸ್ಟಿಕ್ ಸುತ್ತಿ ಇಟ್ಟೆ.

ಕೆಳಗಿನ ಅಂಚುಪಟ್ಟಿ ಒಂದು ಕಡೆ ಬಾಯಿ ಬಿಟ್ಟಿತ್ತು. ಇಲ್ಲಿ ಎಲ್ಲರೂ ಫೆವಿಕಾಲ್ ಸುರಿಯುತ್ತಾರೆ. ಒಳಗಿರುವುದು ಮರವಜ್ರ, ಅಂದರೆ ಚರ್ಮ, ಮೂಳೆ ಬೇಯಿಸಿ ಮಾಡುವ ಹಳೇ ಅಂಟು. ಅದರ ಮೇಲೆ ಫೆವಿಕಾಲ್ ಸರಿಯಾಗಿ ಹಿಡಿಯುವುದಿಲ್ಲ. ಹೊಸ ಮರವಜ್ರ ಹಾಕಿದರೆ ಹಳೇದೂ ಕರಗಿ ಎರಡೂ ಒಂದಾಗುತ್ತವೆ. ಅಂಟಿನ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಕುದಿಯಲು ಬಿಡದೆ, ಬಿಸಿ ಇರುವಾಗಲೇ ಹಚ್ಚಿ ಹಗ್ಗದಲ್ಲಿ ಬಿಗಿದೆ. ವಾಸನೆಗೆ ಮನೆಯಲ್ಲಿ ಬೈಸಿಕೊಂಡಿದ್ದು ನಿಜ.

ಇನ್ನು ಜಿಡ್ಡು. ನೀರು ಬಳಿದರೆ ಅರಗು ಬೆಳ್ಳಗೆ ಮಂಕಾಗುತ್ತದೆ. ಟರ್ಪೆಂಟೈನ್ ಬಟ್ಟೆಗೆ ಸ್ವಲ್ಪ ಮಾಡಿಕೊಂಡು ಒರೆಸಿದರೆ ಪಾಲಿಶ್ ಕರಗದೆ ಕೊಳೆ ಮಾತ್ರ ಬರುತ್ತದೆ. ನಾಯಿ ಚಿತ್ರಕ್ಕೆ ಅದೂ ಬೇಡ ಅನ್ನಿಸಿತು. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಎಂಜಲು ಮಾಡಿಕೊಂಡು ಇಷ್ಟಿಷ್ಟೇ ಉರುಳಿಸಿದೆ. ನಗಬೇಡಿ, ಮ್ಯೂಸಿಯಂನವರೂ ಎಂಜಲು ಬಳಸುತ್ತಾರೆ. ಕಡ್ಡಿಯ ಹತ್ತಿ ಕಾಫಿ ಬಣ್ಣಕ್ಕೆ ತಿರುಗುತ್ತಾ ಹೋಯಿತು, ಈ ಕಡೆ ನಾಯಿಯ ಬಿಳಿ ಎದೆ ಮೆಲ್ಲಗೆ ಕಾಣಿಸಿಕೊಂಡಿತು.

ಆಮೇಲೆ ಮುಖ್ಯ ಕೆಲಸ. ಹಿಂಬದಿ ಕಾಣದ ಮೂಲೆಯಲ್ಲಿ ಸ್ಪಿರಿಟ್ ಹನಿಸಿ ಬೆರಳಿಟ್ಟು ನೋಡಿ. ಅಂಟಂಟಾದರೆ ಅರಗು. ಡಿನೇಚರ್ಡ್ ಸ್ಪಿರಿಟ್ಟೇ ಬೇಕು, ಅಂಗಡಿಯವರು “ಎರಡೂ ಒಂದೇ” ಅಂತ ಥಿನ್ನರ್ ಕೊಟ್ಟರೆ ತರಬೇಡಿ. ಕಿಟಕಿ ತೆಗೆದಿರಲಿ, ಒಲೆ, ದೀಪ ದೂರ ಇರಲಿ. ಮೆತ್ತನೆ ಬ್ರಷ್‌ನಲ್ಲಿ ಮುಚ್ಚಳದ ಬಿರುಕುಗಳ ಮೇಲೆ ತೆಳ್ಳಗೆ ಎಳೆದೆ. ಒಂದೇ ಎಳೆತ, ಮತ್ತೆ ಅದೇ ಜಾಗಕ್ಕೆ ವಾಪಸ್ ಹೋಗಬಾರದು. ಬಿರುಕಿನ ಅಂಚುಗಳು ಮೆತ್ತಗಾಗಿ ಒಂದಕ್ಕೊಂದು ಕೂಡಿಕೊಂಡು ಮುಚ್ಚಿಹೋಗುವುದನ್ನು ಕಣ್ಣಾರೆ ನೋಡಬಹುದು. ಒಳಗಡೆ ಚಿತ್ರದ ಸುತ್ತ ಮೂರು ಬೆರಳು ಜಾಗ ಬಿಟ್ಟೇ ಕೆಲಸ ಮಾಡಿದೆ.

ಅದು ಪೂರ್ತಿ ಒಣಗಿದ ಮೇಲೆ ಹೊಸ ಅರಗು. ಲೀಟರ್ ಸ್ಪಿರಿಟ್ಟಿಗೆ ಸುಮಾರು 150 ಗ್ರಾಂ ಅರಗಿನ ಚಕ್ಕೆ ಅಳತೆಯಲ್ಲಿ ರಾತ್ರಿಯೆಲ್ಲಾ ನೆನೆಸಿ, ಬಟ್ಟೆಯಲ್ಲಿ ಸೋಸಿದೆ. ಹತ್ತಿ ಉಂಡೆಯನ್ನು ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿ, ಅದಕ್ಕೆ ಅರಗು ಕುಡಿಸಿ, ಹೊರಗಡೆ ಒಂದು ಹನಿ ಅಗಸೆ ಎಣ್ಣೆ ಸವರಿ, ಸುತ್ತು ಸುತ್ತಾಗಿ ಉಜ್ಜುವುದು. ಕೈ ನಿಂತರೆ ಅಲ್ಲೇ ಅಂಟಿಕೊಂಡು ಗುರುತು ಬೀಳುತ್ತದೆ. ಮಳೆಗಾಲದಲ್ಲಿ ಬೇಡವೇ ಬೇಡ, ತೇವಕ್ಕೆ ಬೆಳ್ಳಗಾಗುತ್ತದೆ. ನಾನು ಮಾಡಿದ್ದು ಫೆಬ್ರವರಿಯಲ್ಲಿ. ಮುಚ್ಚಳದ ಮೇಲೊಂದು ಕಪ್ಪು ಲೋಟದ ಗುರುತು ಇತ್ತು. ಅದು ಮರದೊಳಕ್ಕೇ ಇಳಿದಿತ್ತು, ಬಿಟ್ಟುಬಿಟ್ಟೆ. ಯಾರೋ ಹಾಡು ಕೇಳುತ್ತಾ ಕಾಫಿ ಕುಡಿದಿದ್ದಾರೆ, ಇರಲಿ ಬಿಡಿ.

ಕೀಲು, ಚಿಲಕಗಳಿಗೆ ಹುಣಸೆಹಣ್ಣು ಹಚ್ಚೋಣ ಅಂತ ಅಮ್ಮ ಆಗಲೇ ನೆನೆಹಾಕಿದ್ದರು. ಅವು ನಿಕಲ್ ಲೇಪದವು, ತಿಕ್ಕಿದರೆ ಲೇಪವೇ ಹೋಗುತ್ತದೆ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದ್ದು ಸಾಕಾಯಿತು. ಅಂದಹಾಗೆ, ಅಂಗಡಿಗಳಲ್ಲಿ ಥಳಥಳ ಹಿತ್ತಾಳೆ ಕೊಂಬು ಹೊತ್ತ ಎಂಟು ಮೂಲೆ ಪೆಟ್ಟಿಗೆಗಳು ಸಿಗುತ್ತವಲ್ಲ, ಅವು ಹೆಚ್ಚಿನವು ಇತ್ತೀಚೆಗೆ ಮಾಡಿದವು. ಅಂಥದಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ.

ಜೋಡಿಸುವಾಗ ಸೂಜಿ ಹಿಡಿಯುವ ತೋಳಿನ ಬುಡ, ಕೊಂಬಿನ ಬಾಯಿ ಸೇರುವ ಕಡೆ ಹೊಸ ಫೆಲ್ಟ್ ಇಟ್ಟೆ. ಅಲ್ಲಿ ಗಾಳಿ ಸೋರಿದರೆ ಮೃದಂಗದ ಎಡಗಡೆ ಕೇಳಿಸುವುದೇ ಇಲ್ಲ. ತಟ್ಟೆಯ ಅಂಚಿಗೆ ಚೀಟಿ ಅಂಟಿಸಿ, ಪ್ಲೇಟು (ರೆಕಾರ್ಡ್) ಹಾಡುತ್ತಿರುವಾಗಲೇ ನಿಮಿಷಕ್ಕೆ 78 ಸುತ್ತು ಎಣಿಸಿ ವೇಗ ಸರಿ ಮಾಡಿಕೊಂಡೆ. ಪ್ಲೇಟಿನ ಒಂದೊಂದು ಬದಿಗೂ ಹೊಸ ಉಕ್ಕಿನ ಸೂಜಿ. ಒಂದು ಎಚ್ಚರಿಕೆ: ಆ ಹಳೇ ಪ್ಲೇಟುಗಳಲ್ಲೂ ಇರುವುದು ಇದೇ ಅರಗು. ಪೆಟ್ಟಿಗೆ ಒರೆಸಿದ ಸ್ಪಿರಿಟ್ ಬಟ್ಟೆಯಲ್ಲೇ ಪ್ಲೇಟನ್ನೂ ಒರೆಸಿದರೆ ಹಾಡು ಕರಗಿಹೋಗುತ್ತದೆ.

ಉಳಿದ ಅರಗು ಬಾಟಲಿಯಲ್ಲಿದೆ. ಆರು ತಿಂಗಳು ದಾಟಿದರೆ ಅದು ಸರಿಯಾಗಿ ಒಣಗುವುದಿಲ್ಲ, ಅಷ್ಟರಲ್ಲಿ ಅಜ್ಜನ ಆರಾಮ ಕುರ್ಚಿಗೆ ಬಳಿಯಬೇಕು.