ಲೋಕಲ್ ರೈಲಿನ ಓಡಾಟದ ನಡುವೆ ಬೋರ್ಡ್ ಪರೀಕ್ಷೆಗೆ ಓದುವುದು

ಮುಂಬೈ ಹೊರವಲಯದ ಡೊಂಬಿವಲಿಯಿಂದ ನಗರದೊಳಗಿನ ದಾದರ್‌ಗೆ ಕ್ಲಾಸಿಗೆ ಹೋಗಿ ಬರುವವರಿಗೆ ದಿನಕ್ಕೆ ಸುಮಾರು ಎರಡು ಗಂಟೆ ಓಡಾಟಕ್ಕೇ ಹೋಗುತ್ತದೆ, ಅಲ್ವಾ? ಆ ಹೊತ್ತಿಗೆ ಹೊಸ ಪಾಠ ಇಟ್ಟುಕೊಳ್ಳಬೇಡಿ. ಆ ನೂಕುನುಗ್ಗಲಲ್ಲಿ ಪುಸ್ತಕ ಬಿಚ್ಚುವುದೇ ಕಷ್ಟ. ನಿನ್ನೆ ಓದಿದ್ದನ್ನು ಸುಮ್ನೆ ಮನಸ್ಸಿನಲ್ಲೇ ಹೇಳಿಕೊಳ್ಳಿ, ಎಲ್ಲಿ ತಡವರಿಸಿದಿರೋ ಆ ಪುಟವನ್ನು ಮನೆಗೆ ಬಂದ ಕೂಡಲೇ ತೆಗೆದು ನೋಡಿ. ಓದಿದ್ದನ್ನೇ ಮತ್ತೆ ಮತ್ತೆ ಓದುವುದಕ್ಕಿಂತ ಹೀಗೆ ನೆನಪಿಸಿಕೊಂಡದ್ದು ಜಾಸ್ತಿ ದಿನ ಉಳಿಯುತ್ತದೆ.

ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಬರೆದಿಟ್ಟ. ಮೊದಲ ಒಂದೆರಡು ದಿನಗಳಲ್ಲೇ ಹೆಚ್ಚಿನದು ಸೋರಿಹೋಗುತ್ತದೆ. ಹಾಗಾಗಿ ಪ್ರತಿ ಪಾಠಕ್ಕೂ ಮರುದಿನ, ನಾಲ್ಕನೇ ದಿನ, ವಾರದ ಮೇಲೆ ಒಮ್ಮೆ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಾನು ಅಮ್ಮನ ಹಾಲಿನ ಲೆಕ್ಕದ ಮೇಲೆಯೇ ಗೀಚಿ ಬೈಸಿಕೊಂಡಿದ್ದೇನೆ, ಆ ತಪ್ಪು ಮಾಡಬೇಡಿ.

ಮನೆ ಚಿಕ್ಕದಾದರೆ ಎಲ್ಲರೂ ಏಳುವ ಮೊದಲೇ ಗಣಿತ ಮುಗಿಸಿ. 25 ನಿಮಿಷ ಓದು, 5 ನಿಮಿಷ ಬಿಡುವು. ಫೋನ್ ಅಡುಗೆಮನೆಯಲ್ಲಿರಲಿ. ಭಾನುವಾರ ಬೆಳಗ್ಗೆ 11ಕ್ಕೆ ಕೂತು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಇಟ್ಟುಕೊಂಡು ಪೂರ್ತಿ ಬರೆಯಿರಿ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡಬೇಡಿ.