ಮಗನ ನಡುವಿನ ಹೆಸರು: ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮ ಕಡೆಯವರಿಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಬಂದವರಿಗೆ ಇಲ್ಲಿ ಒಂದು ಅನುಕೂಲ ಇದೆ. ಫಸ್ಟ್, ಮಿಡಲ್, ಲಾಸ್ಟ್ ಅಂತ ಮೂರು ಖಾನೆ ಕೊಟ್ಟರೆ ನಾವು ಗಾಬರಿಯಾಗುವುದಿಲ್ಲ. ನಮ್ಮ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನಿಂದ ಇದೇ ಕ್ರಮ. ಮೈಸೂರು ಕಡೆಯ ಗೆಳೆಯರು ಇನಿಶಿಯಲ್ ಬಿಡಿಸಿ ಎಲ್ಲಿ ಏನು ಹಾಕೋದು ಅಂತ ಒದ್ದಾಡಿದ್ದನ್ನು ನೋಡಿದ್ದೇನೆ. ಅಷ್ಟಿದ್ದೂ ಮಗ ಹುಟ್ಟಿದಾಗ ನಾನು ತಪ್ಪು ಮಾಡಿದ್ದು ಆ ನಡುವಿನ ಖಾನೆಯಲ್ಲೇ.

ಹುಟ್ಟಿದ ಎರಡನೇ ದಿನ ಆಸ್ಪತ್ರೆ ರೂಮಿಗೆ ಫಾರ್ಮ್ ಬಂತು. ಹೆಂಡತಿಗೆ ಆಗಷ್ಟೇ ನಿದ್ದೆ ಹತ್ತಿತ್ತು. ವಿಹಾನ್ ಅಂತ ಮೊದಲೇ ನಿಶ್ಚಯ ಮಾಡಿದ್ದೆವು. ನಡುವೆ ನಮ್ಮಪ್ಪನ ಹೆಸರು ಬರಲಿ ಅನ್ನೋದು ಅವ್ವನ ಆಸೆ, ಅಪ್ಪ ತೀರಿಕೊಂಡು ಆಗ 2 ವರ್ಷ. ಸಂಗಪ್ಪ. ನಮ್ಮೂರಿಗೆ ಕೂಡಲಸಂಗಮ ಹತ್ತಿರ. ಓಣಿಯಲ್ಲಿ ಸಂಗಪ್ಪ, ಸಂಗಮೇಶ, ಸಂಗನಬಸವ ಇಲ್ಲದ ಮನೆ ಇಲ್ಲ. ಪೆನ್ ಹಿಡಿದು ಕೂತಾಗ ನನಗೆ ಹೊಳೆದದ್ದೆಲ್ಲ ಬೇರೆ: ಟೀಚರ್ ಇದನ್ನು ಹೇಗೆ ಓದುತ್ತಾರೆ, ಹುಡುಗರು ನಕ್ಕರೆ ಏನು ಮಾಡೋದು. ‘ಜೇ’ ಅಂತ ಬರೆದುಬಿಟ್ಟೆ. ಯಾರನ್ನೂ ಕೇಳಲಿಲ್ಲ.

ತೊಟ್ಟಿಲ ಕಾರ್ಯ ವಿಡಿಯೋ ಕಾಲ್‌ನಲ್ಲಿ ಆಯಿತು. ಊರಲ್ಲಿ ಅವ್ವ ಗುಗ್ಗರಿ ಮಾಡಿ ಓಣಿಗೆಲ್ಲ ಹಂಚಿದ್ದರು. ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು ಅಲ್ವಾ, ಹಾಗಾಗಿ ಫೋನನ್ನು ಮಗುವಿನ ಕಿವಿಗೆ ಹಿಡಿದೆ. ಅಕ್ಕ ಸಣ್ಣ ದನಿಯಲ್ಲಿ ‘ಸಂಗಪ್ಪ’ ಅಂದಳು, ಆಮೇಲೆ ‘ಕುರ್ರ್’ ಅಂದಳು. ಫಾರ್ಮಿನಲ್ಲಿ ನಾನು ಏನು ಬರೆದಿದ್ದೇನೆ ಅಂತ ಅವಳಿಗೆ ಗೊತ್ತಿರಲಿಲ್ಲ. ಆ ಹೊತ್ತು ನೆನಪಾದರೆ ಈಗಲೂ ಸಂಕಟ ಆಗುತ್ತದೆ.

ಎರಡನೇ ಕ್ಲಾಸಿನಲ್ಲಿ ಮಗನಿಗೆ ‘ನಿನ್ನ ಹೆಸರಿನ ಕಥೆ ಬರೆದು ತಾ’ ಅಂದರು. ವಿಹಾನ್ ಅಂದರೆ ಬೆಳಗು ಅಂತ ಹೇಳಿದೆ, ಬರೆದುಕೊಂಡ. ‘ಜೇ ಯಾರು?’ ಅಂತ ಕೇಳಿದ. ಹೇಳೋದಕ್ಕೆ ಯಾರೂ ಇರಲಿಲ್ಲ. ಇನ್ನೊಂದು ವಿಷಯ, ಇಷ್ಟು ವರ್ಷದಲ್ಲಿ ಅವನ ನಡುವಿನ ಹೆಸರನ್ನು ಕ್ಲಾಸಿನಲ್ಲಿ ಒಬ್ಬರೂ ಕೂಗಿ ಕರೆದಿಲ್ಲ. ನಾನು ಹೆದರಿದ್ದು ಸುಮ್ನೆ.

ಹಾಗಾಗಿ ಮೊದಲ ಹೆಸರು ನಿಮ್ಮಿಷ್ಟದ್ದು ಇಡಿ, ಚಿಕ್ಕದು, ಹೊಸದು, ಇಲ್ಲಿಯವರ ಬಾಯಿಗೆ ಬರುವಂಥದ್ದು. ನಡುವಿನದು ಮನೆಯದ್ದಾಗಿರಲಿ: ನಿಮ್ಮ ಹೆಸರು, ಇಲ್ಲವೇ ಮುತ್ಯಾನದು (ಅಜ್ಜನದು), ಇಲ್ಲವೇ ಮನೆದೇವರದು. ಸವದತ್ತಿ ಎಲ್ಲಮ್ಮನ ಒಕ್ಕಲಿನವರಿಗೆ ಯಲ್ಲಪ್ಪ, ಗೊಡಚಿ ವೀರಭದ್ರನ ಮನೆಯವರಿಗೆ ವೀರೇಶ, ವಿಜಯಪುರದ ಸಿದ್ಧೇಶ್ವರನಿಗೆ ನಡೆದುಕೊಳ್ಳುವವರಿಗೆ ಸಿದ್ದಪ್ಪ, ಸಿದ್ರಾಮ.

ಜೋಡಿ ಕೂಡುತ್ತೋ ಇಲ್ಲವೋ ಅನ್ನೋದನ್ನು ಕಿವಿಗೆ ಬಿಡಿ. ನಮ್ಮ ಆಯಿ ಮುತ್ಯಾನ ಹೆಸರನ್ನು ದಿನದಲ್ಲಿ ಒಮ್ಮೆಯೂ ಬಾಯಿಗೆ ತಂದವರಲ್ಲ, ಮದುವೆಮನೆಯಲ್ಲಿ ಒಡಪು (ಗಂಡನ ಹೆಸರು ಸೇರಿಸಿ ಹೇಳುವ ಪ್ರಾಸದ ಸಾಲು) ಹಾಕಿದಾಗ ಮಾತ್ರ ಆ ಹೆಸರು ಕೊನೆಗೆ ಬಂದು ತಾಳಕ್ಕೆ ಸರಿಯಾಗಿ ಕೂತುಬಿಡುತ್ತಿತ್ತು. ಮೂರೂ ಹೆಸರು ಸೇರಿಸಿ ಹಾಗೆ ಜೋರಾಗಿ ಹೇಳಿ ನೋಡಿ. ಮೊದಲ ಹೆಸರು ಗಿಡ್ಡ ಇದ್ದರೆ ನಡುವೆ ಉದ್ದದ್ದು ಚೆನ್ನ: ನೀಲ್ ಮಲ್ಲಿಕಾರ್ಜುನ ಪಾಟೀಲ. ಮೊದಲಿನದೇ ಉದ್ದ ಇದ್ದರೆ ನಡುವೆ ಎರಡು ಮೂರು ಅಕ್ಷರ ಸಾಕು: ಸಿದ್ಧಾರ್ಥ ಬಸವ ದೇಸಾಯಿ. ಕೃಷ್ಣ ಅಶೋಕ ಅಂತ ಇಟ್ಟರೆ ಬಾಯಲ್ಲಿ ಕೃಷ್ಣಾಶೋಕ ಆಗುತ್ತದೆ, ಶಾಲೆಯಲ್ಲಿ ಕಲಿತ ಸವರ್ಣದೀರ್ಘ ಸಂಧಿಯೇ ಇದು. ರಾಜೇಶ ಮಹೇಶ ಅಂದರೆ ಅಣ್ಣತಮ್ಮಂದಿರನ್ನು ಕರೆದ ಹಾಗೆ ಕೇಳುತ್ತದೆ.

ಇಂಗ್ಲಿಷಿನ ಮೊದಲಕ್ಷರಗಳನ್ನೂ ಜೋಡಿಸಿ ನೋಡಿ, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಪವನ ಈರಪ್ಪ ಗಾಣಿಗೇರ ಅನ್ನೋದು ಎಷ್ಟು ಒಳ್ಳೆಯ ಹೆಸರು. ಈರಪ್ಪನನ್ನು ‘ಐ’ನಿಂದ ಬರೆದರೆ ಪಿ, ಐ, ಜಿ. ಹಂದಿ ಅಂತಾಯಿತು. ಆ ಮಗು ಅದನ್ನು ಬ್ಯಾಗಿನ ಮೇಲೆ ಹೊತ್ತು ತಿರುಗಬೇಕು. ‘ಇ’ ಹಾಕಿ ಬರೆದರೆ ತಪ್ಪುತ್ತದೆ, ಮೊದಲೇ ನೋಡಿದ್ದರೆ ಮಾತ್ರ.

ಕಾಗದಪತ್ರದ ಕೆಲಸ ಸುಲಭ: ಸೋಶಿಯಲ್ ಸೆಕ್ಯೂರಿಟಿ ನಂಬರನ್ನು ಬರ್ತ್ ಸರ್ಟಿಫಿಕೇಟಿನ ಜೊತೆ ಆಸ್ಪತ್ರೆಯಲ್ಲೇ ಕೇಳಿಬಿಡಿ, ಮಗುವಿನ ಪಾಸ್‌ಪೋರ್ಟಿಗೆ ಅಪ್ಪ ಅಮ್ಮ ಇಬ್ಬರೂ ಹೋಗಿ, ಆಮೇಲೆ ಓಸಿಐ (ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡು), ಎಲ್ಲದರಲ್ಲೂ ಒಂದೇ ಸ್ಪೆಲಿಂಗ್ ಇರಲಿ. ನಮ್ಮ ಇಂಡಿಯನ್ ಪಾಸ್‌ಪೋರ್ಟಿನಲ್ಲಿ ನಡುವಿನ ಹೆಸರಿಗೆ ಬೇರೆ ಖಾನೆ ಇಲ್ಲ, ಅದು ಗಿವನ್ ನೇಮ್ ಒಳಗೇ ಸೇರಿರುತ್ತದೆ, ಹಾಗಾಗಿ ನಿಮ್ಮ ಹೆಸರು ಬರೆಯುವಾಗಲೂ ಹುಷಾರು.

ನಾನು ಬರೆದದ್ದನ್ನು ಬದಲಾಯಿಸಬೇಕು ಅಂದರೆ ಈಗ ಕೋರ್ಟಿಗೆ ಅರ್ಜಿ ಹಾಕಬೇಕು, ಆಮೇಲೆ ಎಲ್ಲ ಕಾಗದವನ್ನೂ ಮತ್ತೆ ಮಾಡಿಸಬೇಕು. ಮಗನಿಗೆ 11 ವರ್ಷ ಆಯಿತು, ಅವನನ್ನು ಕೇಳಿಯೇ ಮುಂದಿನದು. ಅವ್ವನಿಗೆ ವಿಷಯ ಹೇಳಿದಾಗ ‘ಇರ್ಲಿ ಬಿಡಪಾ’ ಅಂದರು, ಮುಂದೆ ಮಾತಾಡಲಿಲ್ಲ. ಅವರು ಅವನನ್ನು ಇವತ್ತಿಗೂ ಜೇ ಅಂದಿಲ್ಲ, ವಿಹಾನ್ ಅಂತಲೂ ಕರೆಯುವುದಿಲ್ಲ. ಗಂಡನ ಹೆಸರು ಬಾಯಲ್ಲಿ ತರಬಾರದು ಅಂತ ‘ಧಣಿ’ ಅನ್ನುತ್ತಾರೆ. ಅವರ ಪಾಲಿಗೆ ಅವನು ಸಂಗಪ್ಪನೇ.

ನೀವು ಮಾತ್ರ ಫಾರ್ಮ್ ಬಂದ ಕೂಡಲೇ ಊರಿಗೆ ಫೋನ್ ಮಾಡಿ. ಅಲ್ಲಿ ಮಧ್ಯರಾತ್ರಿ ಆಗಿದ್ದರೂ ಎಬ್ಬಿಸಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.