ಬಿರುಸಾದ ಕೀಪಿಂಗ್ ಗ್ಲೌಸ್ ಕೈಗೆ ಹೊಂದಿಸಿಕೊಂಡ ಬಗೆ

ಮುಂಬೈನ ಮಾಟುಂಗಾದಲ್ಲಿ ನೆಲೆಸಿ, ಭಾನುವಾರಗಳಂದು ಆಜಾದ್ ಮೈದಾನದಲ್ಲಿ ವಿಕೆಟ್ ಕೀಪಿಂಗ್ ಮಾಡುವ ನಾನು ಕಳೆದ ವರ್ಷ ಮೇ ತಿಂಗಳಲ್ಲಿ ಧೋಬಿ ತಲಾವ್‌ನ ಅಂಗಡಿಯೊಂದರಿಂದ ಹೊಸ ಗ್ಲೌಸ್ ತಂದೆ. ತೊಟ್ಟು ಮುಷ್ಟಿ ಬಿಗಿಯಲು ಹೋದರೆ ಬೆರಳುಗಳು ಅರ್ಧಕ್ಕೇ ನಿಲ್ಲುತ್ತಿದ್ದವು. ಅಂಗೈಗೆ ಬಡಿದ ಚೆಂಡು, ಬೆರಳು ಮುಚ್ಚುವಷ್ಟರಲ್ಲಿ ಪುಟಿದು ಹೊರಬೀಳುತ್ತಿತ್ತು.

ಹಿಂದಿನ ಜೋಡಿಯನ್ನು ನಾನೇ ಕೆಡಿಸಿದ್ದೆ. ಬೇಗ ಮೆತ್ತಗಾಗಲೆಂದು ಅದಕ್ಕೆ ಕೊಬ್ಬರಿ ಎಣ್ಣೆ ಸವರಿದ್ದೆ. ಗ್ಲೌಸಿನ ಬೆನ್ನು ಚರ್ಮದ್ದಾದರೂ ಅಂಗೈಗೆ ಹೊದಿಸಿರುವುದು ಸಣ್ಣ ಸಣ್ಣ ಗುಳ್ಳೆಗಳಿರುವ ರಬ್ಬರ್. ಎಣ್ಣೆ ಹೀರಿದ ರಬ್ಬರ್ ಉಬ್ಬಿ, ಜಿಗುಟಾಗಿ, ಹಿಡಿತವನ್ನೇ ಕಳೆದುಕೊಂಡಿತು. ಆ ಜೋಡಿಯನ್ನು ಎಸೆಯುವಾಗ ನನಗೆ ನಿಜಕ್ಕೂ ಸಂಕಟವಾಯಿತು.

ಆದ್ದರಿಂದ ಈ ಸಲ ಎಣ್ಣೆ, ಬಿಸಿನೀರು, ಬಿಸಿಲು ಮೂರನ್ನೂ ದೂರವಿಟ್ಟೆ. ಮೊದಲ ವಾರ ದಿನಾ ಸಂಜೆ ಪ್ರತಿಯೊಂದು ಬೆರಳನ್ನೂ ಅದು ಅಂಗೈಯನ್ನು ಸೇರುವ ಬುಡದಲ್ಲಿ ಹಿಡಿದು, ಐವತ್ತು ಸಲ ಒಳಕ್ಕೆ ಮಡಚಿ ಬಿಡಿಸುತ್ತಿದ್ದೆ. ತುದಿಯ ಗಟ್ಟಿ ಕವಚವನ್ನು ಮಾತ್ರ ಬಾಗಿಸಲಿಲ್ಲ, ಪೆಟ್ಟಿನಿಂದ ಬೆರಳನ್ನು ಕಾಯುವುದು ಅದೇ. ರಾತ್ರಿ ಹಳೆಯ ಚೆಂಡೊಂದನ್ನು ಬೆರಳುಗಳ ಬುಡದಲ್ಲಿಟ್ಟು, ಗ್ಲೌಸನ್ನು ಮಡಚಿ ಬಟ್ಟೆಯ ಪಟ್ಟಿಯಿಂದ ಕಟ್ಟಿಡುತ್ತಿದ್ದೆ. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಪಟ್ಟಿಯ ಮೇಲೆ ಚೆಂಡಿಡುವವರೂ ಇದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಹೆಬ್ಬೆರಳನ್ನು ಪೂರ್ತಿ ಚಾಚಿದಾಗ ಆ ಪಟ್ಟಿ ಬಿಗಿಯಾಗಿಯೇ ಇರಬೇಕೆಂದು ಕ್ರಿಕೆಟ್‌ನ 27ನೇ ನಿಯಮ ಹೇಳುತ್ತದೆ.

ಎರಡನೆಯ ವಾರ ಒಳಗ್ಲೌಸನ್ನು ತುಸು ಒದ್ದೆ ಮಾಡಿ ತೊಟ್ಟು, ಕಟ್ಟಡದ ಕಾಂಪೌಂಡ್ ಗೋಡೆಗೆ ಟೆನಿಸ್ ಚೆಂಡು ಎಸೆದು ಹಿಡಿಯತೊಡಗಿದೆ. ಅದು ಹಗುರವಾದ ಚೆಂಡಾದ್ದರಿಂದ ಕೈ ನೋಯದೆ ಇನ್ನೂರು ಕ್ಯಾಚ್ ಹಿಡಿಯಬಹುದು, ಆದರೆ ಬೆರಳು ಮುಚ್ಚುವುದು ತಡವಾದರೆ ಅದು ತಕ್ಷಣ ಪುಟಿದುಹೋಗುತ್ತದೆ. ಮೂರನೆಯ ವಾರ ಮೈದಾನದಲ್ಲಿ, ಹೊಲಿಗೆ ಸವೆದ ಲೆದರ್ ಚೆಂಡು. ಮೊದಲ ದಿನ ಪ್ರತಿ ಕ್ಯಾಚಿಗೂ ಹಲಗೆಗೆ ಬಡಿದಂತೆ ಠಪ್ ಎನ್ನುತ್ತಿತ್ತು. ಐದಾರು ದಿನ ಕಳೆದ ಮೇಲೆ, ನನಗೆ ಚೆಂಡೆಸೆಯುತ್ತಿದ್ದ ಧಾರವಾಡದ ಗೆಳೆಯ ಕೈ ತಡೆದು ನಿಂತು, "ಏನಪಾ, ಇವತ್ತ ಸಪ್ಪಳಾನ ಬ್ಯಾರೆ ಆಗೇತಲ್ಲ!" ಎಂದ. ಹೌದು, ಚೆಂಡು ಮೆತ್ತಗೆ ಧಪ್ಪೆಂದು ಬಂದು ಒಳಗೇ ಕೂರುತ್ತಿತ್ತು. ಬೆರಳ ಬುಡದಲ್ಲಿ ಅಡ್ಡಲಾಗಿ ಒಂದು ಸ್ಪಷ್ಟ ಗೆರೆ ಮೂಡಿತ್ತು.

ಆಗಲೇ ಜೂನ್ ಬಂದಿತ್ತು. 1948ರಲ್ಲಿ ಮಳೆಗಾಲಕ್ಕೆಂದೇ ಕಾಂಗಾ ಲೀಗ್ ಎಂಬ ಕ್ರಿಕೆಟ್ ಪಂದ್ಯಾವಳಿ ಆರಂಭಿಸಿದ ಈ ಊರಿನಲ್ಲಿ, ಗ್ಲೌಸನ್ನು ಕಿಟ್‌ಬ್ಯಾಗಿನಲ್ಲೇ ಬಿಟ್ಟರೆ ಚರ್ಮದ ಮೇಲೆ ಬೂಷ್ಟು ಬರಲು ನಾಲ್ಕು ದಿನ ಸಾಕು. ಆಟ ಮುಗಿಸಿ ಮನೆಗೆ ಬಂದೊಡನೆ ಕೆಸರು ಒರೆಸಿ, ಪ್ರತಿ ಬೆರಳಿನೊಳಗೂ ಹಳೆಯ ಪತ್ರಿಕೆಯ ಚೂರು ತುರುಕಿ, ಫ್ಯಾನಿನ ಕೆಳಗೆ ಅಂಗೈ ಮೇಲಾಗಿ ಇಡುತ್ತೇನೆ. ಕಾಗದ ಒದ್ದೆಯಾದರೆ ಮಲಗುವ ಮುನ್ನ ಒಮ್ಮೆ ಬದಲಿಸುತ್ತೇನೆ.